ತಾತನ ಲಾರಿಗೆ ಹೊಸ ಚಾಸಿ ಬೆಸೆಯಲು ಹೊರಟಾಗ

ಲಾಕ್‌ಡೌನ್ ಹೊತ್ತಿನಲ್ಲಿ ಗೆಳೆಯರೆಲ್ಲ ಕಾಫಿ ನೊರೆ ಎಬ್ಬಿಸುವ ವಿಡಿಯೊ ಹಾಕುತ್ತಿದ್ದರೆ ನಾನು ಅಮೆರಿಕದ ಗ್ಯಾರೇಜುಗಳನ್ನು ನೋಡುತ್ತಾ ಕೂತಿದ್ದೆ. ಗಡ್ಡ ಬಿಟ್ಟ ಅಂಕಲ್ ಒಬ್ಬ ಮನೆ ಬಾಗಿಲಿಗೆ ಬಂದ ದೊಡ್ಡ ಪೆಟ್ಟಿಗೆ ಬಿಚ್ಚುತ್ತಾನೆ. ಒಳಗೆ ಅಳತೆಗೆ ಸರಿಯಾಗಿ ಕತ್ತರಿಸಿದ ಉಕ್ಕಿನ ಹಲಗೆಗಳು, ಕೊಳವೆಗಳು, ಬ್ರಾಕೆಟ್‌ಗಳು. ಒಂದಕ್ಕೊಂದು ಸಿಕ್ಕಿಸಿ, ಕಿಡಿ ಹಾರಿಸಿ ಬೆಸೆಯುತ್ತಾನೆ. ವಿಡಿಯೊ ಮುಗಿಯುವಷ್ಟರಲ್ಲಿ 70 ವರ್ಷ ಹಳೆಯ ತುಕ್ಕು ಹಿಡಿದ ಪಿಕಪ್ ಟ್ರಕ್ಕಿನ ಕೆಳಗೆ ಮಿರಮಿರ ಮಿಂಚುವ ಹೊಸ ಚಾಸಿ!

ನೋಡಿದವನೇ ಹಿತ್ತಲಿಗೆ ಓಡಿದೆ. ದೊಡ್ಡಬಳ್ಳಾಪುರದ ಹೊರಗೆ ನಮ್ಮ ಮಾವನದು ಒಂದು ವೆಲ್ಡಿಂಗ್ ಶೆಡ್. ಮುಂದೆ ಗೇಟು, ಕಿಟಕಿ ಗ್ರಿಲ್, ಟ್ರ್ಯಾಕ್ಟರ್ ಟ್ರೈಲರ್‌ಗಳ ರಿಪೇರಿ. ಹಿಂದೆ ಹೊಂಗೆ ಮರದ ಕೆಳಗೆ ತಾತನ ಟಾಟಾ ಲಾರಿಯ ಮುಂದಿನ ಅರ್ಧ. ನೂಲಿನ ಮೂಟೆಯಿಂದ ಹಿಡಿದು ಹುರುಳಿ ಚೀಲದವರೆಗೆ ಎಲ್ಲವನ್ನೂ ಹೊತ್ತು ದಣಿದ ಲಾರಿ ಅದು. ಹಿಂದಿನ ಅರ್ಧ ಗುಜರಿಗೆ ಹೋಗಿ ಎಷ್ಟೋ ವರ್ಷ ಆಗಿದೆ. ಮುಂದಿನ ಅರ್ಧವನ್ನು ಮಾತ್ರ ತಾತ ಮಾರಲು ಬಿಟ್ಟಿರಲಿಲ್ಲ. ಈಗ ಅದರ ಡ್ರೈವರ್ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ.

‘ಮಾವ, ಅಮೆರಿಕದಿಂದ ಒಂದು ಚಾಸಿ ಕಿಟ್ ತರಿಸೋಣ. ಇದಕ್ಕೆ ಹೊಸ ಜೀವ ಕೊಡೋಣ’ ಅಂದೆ. ಮಾವ ಮುಖದ ಮೇಲಿನ ಗುರಾಣಿ ಎತ್ತಿ ನನ್ನನ್ನೊಮ್ಮೆ, ಲಾರಿಯನ್ನೊಮ್ಮೆ ನೋಡಿ, ‘ಮೊದ್ಲು ಆ ಮೂಲೆಮಟ್ಟ ತಗೊಂಡ್ ಬಾರ್ಲಾ’ ಅಂದರು. ಆಗ ನಾನು ಡಿಪ್ಲೊಮಾ ಮೊದಲ ವರ್ಷ. ಇವತ್ತು ಬಿ.ಇ. ಕೊನೆಯ ವರ್ಷ. ಆ ಮೂಲೆಮಟ್ಟದಿಂದ ಇಲ್ಲಿಯವರೆಗೆ ನಡೆದದ್ದನ್ನು ಹೇಳಬೇಕು. ಅದರಲ್ಲಿ ನಾನು ಹೆಮ್ಮೆ ಪಡುವಂಥದ್ದೂ ಇದೆ, ತಲೆ ತಗ್ಗಿಸುವಂಥದ್ದೂ ಇದೆ.

ಪೆಟ್ಟಿಗೆಯಲ್ಲಿ ಬರುವ ಬೆನ್ನೆಲುಬು

ಚಾಸಿ ಅಂದರೆ ವಾಹನದ ಬೆನ್ನೆಲುಬು. ಎತ್ತಿನ ಗಾಡಿಯಲ್ಲಿ ಮೂಕಿ, ಅಚ್ಚು, ಚೌಕಟ್ಟು ಸೇರಿ ಮಾಡುವ ಕೆಲಸವನ್ನು ಲಾರಿಯಲ್ಲಿ ಚಾಸಿ ಮಾಡುತ್ತದೆ. ಎಂಜಿನ್, ಚಕ್ರ, ಸ್ಟಿಯರಿಂಗ್, ಕ್ಯಾಬಿನ್, ಸರಕು ಎಲ್ಲ ಕೂರುವುದು ಇದರ ಮೇಲೆಯೇ. ಹಳೆಯ ಟ್ರಕ್ಕುಗಳದು ಏಣಿಯಂಥ ಚಾಸಿ. ಉದ್ದಕ್ಕೆ ಎರಡು ತೊಲೆ, ನಡುವೆ ಅಡ್ಡಪಟ್ಟಿಗಳು.

ಇದನ್ನು ಕತ್ತರಿಸಿ, ತಗ್ಗಿಸಿ, ವೇಗದ ಗಾಡಿ ಮಾಡುವ ಹುಚ್ಚು ಶುರುವಾದದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ ವಿ-8 ಎಂಜಿನ್ ಕಾರು ತಂದಿತು. ಅಲ್ಲಿನ ಹುಡುಗರು ಹಳೆಯ ಫೋರ್ಡ್‌ಗಳನ್ನು ಅಗ್ಗಕ್ಕೆ ಕೊಂಡು, ಬಂಪರ್, ಮಡ್‌ಗಾರ್ಡ್ ಕಿತ್ತೆಸೆದು, ಒಣಗಿದ ಕೆರೆಗಳ ಬಯಲಿನಲ್ಲಿ ಓಡಿಸುತ್ತಿದ್ದರು. ಅಂಥ ಗಾಡಿಗಳಿಗೆ ‘ಹಾಟ್ ರಾಡ್’ ಎಂಬ ಹೆಸರು ಬಂತು. 1937ರಲ್ಲಿ ಈ ಓಟಗಳಿಗೆ ಒಂದು ಸಂಘವೇ ಹುಟ್ಟಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಪತ್ರಿಕೆ ಶುರುವಾಯಿತು. ಹಳೆಯ ಚಾಸಿಗಳು ತುಕ್ಕು ಹಿಡಿದು ಮುಗಿಯುತ್ತಾ ಬಂದ ಹಾಗೆ ಹೊಸ ಚಾಸಿ ಮಾಡಿ ಮಾರುವುದೇ ಅಲ್ಲಿ ಒಂದು ಉದ್ಯಮವಾಯಿತು. ಪೂರ್ತಿ ಬೆಸೆದ ಚಾಸಿ ದುಬಾರಿ, ಸಾಗಿಸುವುದೂ ಕಷ್ಟ. ಆದ್ದರಿಂದ ‘ನೀವೇ ಬೆಸೆದುಕೊಳ್ಳಿ’ ಎಂಬ ಕಿಟ್‌ಗಳು ಬಂದವು.

ಕಿಟ್‌ನ ಜಾಣತನ ಇರುವುದು ಕತ್ತರಿಸುವುದರಲ್ಲಿ. ಲೇಸರ್ ಯಂತ್ರ ಉಕ್ಕಿನ ಹಲಗೆಯಲ್ಲಿ ಒಂದು ಕಡೆ ನಾಲಿಗೆ, ಇನ್ನೊಂದು ಕಡೆ ಅದು ಕೂರುವ ಸೀಳು ಬಿಟ್ಟು ಕತ್ತರಿಸುತ್ತದೆ. ಮಕ್ಕಳ ಆಟದ ಜೋಡಣೆಯ ಹಾಗೆ ತುಂಡುಗಳು ತಮ್ಮ ಜಾಗದಲ್ಲಿ ತಾವೇ ಕೂರುತ್ತವೆ. ಮುಂದಿನ ಚಕ್ರಗಳಿಗೆ ಬಹಳಷ್ಟು ಕಿಟ್‌ಗಳಲ್ಲಿ ಕೊಡುವುದು 1974ರಿಂದ 1978ರವರೆಗೆ ಬಂದ ಫೋರ್ಡ್ ಮಸ್ಟಾಂಗ್ ಟೂ ಕಾರಿನ ಮಾದರಿಯ ಸಸ್ಪೆನ್ಷನ್. ಆ ಕಾರನ್ನು ಮರೆತವರೂ ಅದರ ಮುಂಗಾಲನ್ನು ಮರೆತಿಲ್ಲ. ಯಾಕೆಂದರೆ ಅದು ಚಿಕ್ಕದು, ಹಳೆಯ ಗಾಡಿಗಳ ಕೆಳಗೆ ಸಲೀಸಾಗಿ ಕೂರುತ್ತದೆ.

ಇನ್ನೊಂದು ಮುಖ್ಯ ಕೆಲಸ ‘ಬಾಕ್ಸಿಂಗ್’. ಗುದ್ದಾಟವಲ್ಲ! ಹಳೆಯ ಚಾಸಿಯ ತೊಲೆ ಇಂಗ್ಲಿಷಿನ ‘ಸಿ’ ಆಕಾರದ್ದು, ಒಂದು ಬದಿ ತೆರೆದಿರುತ್ತದೆ. ಆ ಬದಿಗೆ ಹಲಗೆ ಬೆಸೆದು ಪೆಟ್ಟಿಗೆಯಂತೆ ಮುಚ್ಚುವುದೇ ಬಾಕ್ಸಿಂಗ್. ಯಾಕೆ ಬೇಕು ಎಂದು ತಿಳಿಯಲು ಊದುಬತ್ತಿಯ ಖಾಲಿ ರಟ್ಟಿನ ಕೊಳವೆ ತಗೊಳ್ಳಿ. ಎರಡು ತುದಿ ಹಿಡಿದು ತಿರುಚಿ, ಜಗ್ಗುವುದಿಲ್ಲ. ಈಗ ಉದ್ದಕ್ಕೆ ಒಂದು ಸೀಳು ಹಾಕಿ ತಿರುಚಿ, ಹಗ್ಗದ ಹಾಗೆ ತಿರುಗುತ್ತದೆ. ಜೋರು ಎಂಜಿನ್ ಕೂರಿಸಿದ ಗಾಡಿ ತಿರುವಿನಲ್ಲಿ ಚಾಸಿಯನ್ನು ತಿರುಚುವುದು ಹೀಗೆಯೇ.

ಇಷ್ಟೆಲ್ಲ ಓದಿಕೊಂಡು ಮಾವನ ಮುಂದೆ ಒಪ್ಪಿಸಿದೆ. ಅವರು ತಾತನ ಲಾರಿಯ ಕೆಳಗೆ ಬಗ್ಗಿಸಿ ಟಾರ್ಚ್ ಬಿಟ್ಟರು. ‘ಇದ್ರಲ್ಲಿ ವೆಲ್ಡಿಂಗ್ ಎಲ್ಲಿದೆ ತೋರ್ಸು ನೋಡಣ.’ ಹುಡುಕಿದೆ. ಅಡ್ಡಪಟ್ಟಿಗಳೆಲ್ಲ ತೊಲೆಗೆ ರಿವೆಟ್ ಹೊಡೆದು ಕೂರಿಸಿದವು. ಭಾರದ ಲಾರಿ ಹಳ್ಳಕೊಳ್ಳದಲ್ಲಿ ಸ್ವಲ್ಪ ಜಗ್ಗಬೇಕು, ಜಗ್ಗದಿದ್ದರೆ ಸೀಳುತ್ತದೆ. ಬೆಸುಗೆಯ ಕಾವು ತಗುಲಿದ ಜಾಗದಲ್ಲಿ ತೊಲೆಯ ಉಕ್ಕಿನ ಗುಣ ಬದಲಾಗಿ, ಅಲ್ಲಿಂದಲೇ ಬಿರುಕು ಶುರುವಾಗಬಹುದು. ಅದಕ್ಕೇ ಲಾರಿ ಕಂಪನಿಗಳು ತೊಲೆಯ ಅಂಚಿನ ಮೇಲೆ ಬೆಸೆಯಬೇಡಿ ಎನ್ನುತ್ತವೆ. ‘ಎಲ್ಲಿ ಬೆಸೀಬಾರ್ದು ಅಂತ ಮೊದ್ಲು ಕಲಿ. ಆಮೇಲೆ ಕಿಟ್ ತರ್ಸು’ ಅಂದರು ಮಾವ.

ಹನ್ನೊಂದು ಅಡಿ ಎಂಟು ಇಂಚು

ಕಿಟ್ ತರಿಸಲು ಹೇಗೂ ದುಡ್ಡಿರಲಿಲ್ಲ. ಸಾವಿರಾರು ಡಾಲರ್ ಬೆಲೆ, ಮೇಲೆ ಹಡಗಿನ ಖರ್ಚು, ಸುಂಕ. ನಮ್ಮಮ್ಮ ಪವರ್‌ಲೂಮ್‌ನಲ್ಲಿ ಸೀರೆ ನೇಯ್ದು ನನ್ನ ಫೀಸು ಕಟ್ಟುತ್ತಿದ್ದರು. ಹಾಗಾಗಿ ಮಾವನ ಶೆಡ್ಡಿನಲ್ಲಿ ತಳ ಹೋದ ಟ್ರೈಲರ್‌ಗಳೇ ನನ್ನ ಕಿಟ್ ಆದವು.

ಮೊದಲ ಪಾಠ ಕರ್ಣ. ಟ್ರೈಲರ್ ಚೌಕಟ್ಟು 10 ಅಡಿ ಉದ್ದ, 6 ಅಡಿ ಅಗಲ. ನಾಲ್ಕು ಮೂಲೆಗೂ ಮೂಲೆಮಟ್ಟ ಇಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಮಾವ ಟೇಪು ಕೊಟ್ಟು ಓರೆಯಾಗಿ ಅಳೆ ಎಂದರು. ಒಂದು ಕರ್ಣ 11 ಅಡಿ 8 ಇಂಚು. ಇನ್ನೊಂದು 11 ಅಡಿ 7 ಇಂಚು! ಹೈಸ್ಕೂಲಿನಲ್ಲಿ ಪೈಥಾಗೊರಸ್ ಪ್ರಮೇಯ ಬಾಯಿಪಾಠ ಮಾಡಿ ಪೂರ್ತಿ ಅಂಕ ತಗೊಂಡಿದ್ದೆ. ಅದು ಯಾವ ಕೆಲಸಕ್ಕೆ ಬರುತ್ತದೆ ಎಂದು ಗೊತ್ತಾದದ್ದು ಆ ದಿನ. ಎದುರುಬದಿರು ಬದಿಗಳು ಸಮ ಇದ್ದು, ಎರಡೂ ಕರ್ಣ ಸಮ ಬಂದರೆ ಚೌಕಟ್ಟು ಸರಿ. ಇಲ್ಲದಿದ್ದರೆ ಅದು ವಜ್ರಾಕೃತಿ, ಗಾಡಿ ಜೀವಮಾನವಿಡೀ ಏಡಿಯ ಹಾಗೆ ಓರೆ ನಡೆಯುತ್ತದೆ. ಅಮೆರಿಕದ ಕಿಟ್ ಆದರೂ ಅಷ್ಟೇ, ಬೆಸೆಯುವವನು ಕರ್ಣ ಅಳೆಯಲೇಬೇಕು.

ಎರಡನೇ ಪಾಠ ಟ್ಯಾಕ್. ಪೂರ್ತಿ ಬೆಸೆಯುವ ಮೊದಲು ಅಲ್ಲಲ್ಲಿ ಚುಕ್ಕಿಯಷ್ಟು ಅಂಟಿಸುವುದು. ನಾನು ಉತ್ಸಾಹದಲ್ಲಿ ಒಂದೇ ಬದಿಯನ್ನು ಉದ್ದಕ್ಕೆ ಬೆಸೆದುಬಿಟ್ಟೆ. ಬೆಳಗ್ಗೆ ನೋಡಿದರೆ ಚೌಕಟ್ಟಿನ ಒಂದು ಮೂಲೆ ನೆಲ ಬಿಟ್ಟು ಮೇಲೆದ್ದಿತ್ತು. ಕರಗಿದ ಉಕ್ಕು ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುತ್ತಾ ಪಕ್ಕದ್ದನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಈ ಬದಿ ಸ್ವಲ್ಪ, ಆ ಬದಿ ಸ್ವಲ್ಪ, ನಡುವೆ ಬಿಡುವು ಕೊಟ್ಟು ಬೆಸೆಯಬೇಕು. ಗ್ರೈಂಡರ್ ಹಿಡಿದು ನನ್ನದೇ ಬೆಸುಗೆಯನ್ನು ನಾನೇ ಕತ್ತರಿಸಲು ಎರಡು ದಿನ ಹಿಡಿಯಿತು.

ಮೂರನೆಯದನ್ನು ಕಣ್ಣು ಕಲಿಸಿತು. ‘ಒಂದ್ ಸೆಕೆಂಡ್ ತಾನೆ’ ಎಂದು ಗಾಜಿಲ್ಲದೆ ಟ್ಯಾಕ್ ಹೊಡೆದೆ. ಆಗ ಏನೂ ಆಗಲಿಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ. ಅಜ್ಜಿ ಆಲೂಗಡ್ಡೆ ಹೋಳು ಇಟ್ಟು ಕೂರಿಸಿದರು. ಬೆಳಗ್ಗೆ ಕಣ್ಣಿನ ಡಾಕ್ಟರು ಹೇಳಿದ್ದು: ಕಿಡಿಯ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ, ನೋವು ಗೊತ್ತಾಗುವುದು ಕೆಲವು ಗಂಟೆಗಳ ನಂತರ. ಆಲೂಗಡ್ಡೆ ಪಲ್ಯಕ್ಕೆ ಇರಲಿ, ಕಣ್ಣಿಗೆ ಸರಿಯಾದ ಶೇಡಿನ ಗಾಜು ಇರಲಿ.

ಕಾನೂನು ಏನನ್ನುತ್ತದೆ?

ಎರಡು ವರ್ಷದಲ್ಲಿ ಕೈ ಒಂದು ಹದಕ್ಕೆ ಬಂತು. ತಾತನ ಲಾರಿ ಮತ್ತೆ ನೆನಪಾಯಿತು. ಕಿಟ್ ಬೇಡ, ನಾವೇ ಚಾಸಿ ಮಾಡೋಣ ಎಂದು ಚಿತ್ರ ಬರೆದು ಕಾಲೇಜಿನ ಮೇಷ್ಟ್ರಿಗೆ ತೋರಿಸಿದೆ. ‘ಚೆನ್ನಾಗಿದೆ. ರಸ್ತೆಗೆ ಇಳಿಸೋಕೆ ಆಗಲ್ಲ’ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಅವರು ವಿವರಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೈಕು, ಜೀಪು ಮಾಡಿಫೈ ಮಾಡಲು ಹೊರಟ ಗೆಳೆಯರಿಗೂ ಇದು ಬೇಕಾದದ್ದೇ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿ ಇಲ್ಲದೆ ವಾಹನ ಬದಲಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಚಾಸಿ ಬದಲಿಸುವುದಂತೂ ವಾಹನದ ಗುರುತನ್ನೇ ಬದಲಿಸಿದ ಹಾಗೆ. ಆರ್‌ಸಿಯಲ್ಲಿರುವ ನಂಬರ್ ಕೊರೆದಿರುವುದು ಅದರ ಮೇಲೆಯೇ ತಾನೆ?

‘ವಿಂಟೇಜ್ ಅಂತ ಮಾಡಿಸಬಹುದಲ್ವಾ ಸರ್?’ ಎಂದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಅದು ಅನ್ವಯ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಎಂಬ ಗುರುತು. ಆದರೆ ಷರತ್ತು ಏನು ಗೊತ್ತೇ? ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಿಸಿರಬಾರದು. ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ಹಾಟ್ ರಾಡ್ ಅಂದರೆ ಮೂಲ ರೂಪವನ್ನು ಮುರಿಯುವುದೇ. ಇಲ್ಲಿ ಅದಕ್ಕೆ ಬಾಗಿಲಿಲ್ಲ.

ಹಾಗಂತ ನಮ್ಮಲ್ಲಿ ಚಾಸಿಯ ಮೇಲೆ ಕೈಕೆಲಸವೇ ಇಲ್ಲ ಎಂದಲ್ಲ. ನಮ್ಮ ಹೆದ್ದಾರಿಗಳಲ್ಲಿ ಹೊಸ ಲಾರಿ ಬರಿಯ ಚಾಸಿ, ಎಂಜಿನ್ ಮತ್ತು ಮುಖವಾಡದಂಥ ಮುಂಭಾಗದೊಂದಿಗೆ ಓಡುವುದನ್ನು ನೀವು ನೋಡಿರುತ್ತೀರಿ. ಡ್ರೈವರ್ ಹೆಲ್ಮೆಟ್, ಕನ್ನಡಕ ಹಾಕಿಕೊಂಡು ಗಾಳಿಗೆ ಎದುರಾಗಿ ಕೂತಿರುತ್ತಾನೆ. ಕಂಪನಿಯಿಂದ ಬಾಡಿ ಕಟ್ಟುವವರ ಶೆಡ್ಡಿಗೆ ಹೋಗುತ್ತಿರುವ ಗಾಡಿ ಅದು. ಕ್ಯಾಬಿನ್, ಸರಕಿನ ಪೆಟ್ಟಿಗೆ, ಮುಂದಿನ ಬಣ್ಣದ ಹೂಬಳ್ಳಿ, ದೇವರ ಹೆಸರು ಎಲ್ಲ ಅಲ್ಲಿ ಆಗುತ್ತದೆ. ಬಸ್ಸಿಗೆ ಎಐಎಸ್-052, ಲಾರಿಗೆ ಎಐಎಸ್-093 ಎಂಬ ಬಾಡಿ ನಿಯಮಾವಳಿ ಇದೆ. ಅಲ್ಲಿ ಚಾಸಿ ಕಂಪನಿಯದು, ಅದರ ಮೇಲಿನದ್ದು ನಮ್ಮವರ ಕೈಯದು. ಅಮೆರಿಕದಲ್ಲಿ ಹಳೆಯ ಬಾಡಿಗೆ ಹೊಸ ಚಾಸಿ, ನಮ್ಮಲ್ಲಿ ಹೊಸ ಚಾಸಿಗೆ ಹೊಸ ಬಾಡಿ!

ಚೆಂದದ ಬೆಸುಗೆ, ಸುಳ್ಳು ಬೆಸುಗೆ

ಚಾಸಿಯನ್ನು ಸೊನ್ನೆಯಿಂದ ನಾವೇ ಬೆಸೆಯಲು ವಿದ್ಯಾರ್ಥಿಗಳಿಗೆ ಕಾನೂನಿನ ತಕರಾರಿಲ್ಲದ ಒಂದು ಜಾಗ ಇದೆ. ಅದು ‘ಬಾಹಾ’ ಸ್ಪರ್ಧೆ. ಒಬ್ಬರು ಕೂತು ಓಡಿಸುವ, ಕಲ್ಲುಮುಳ್ಳಿನ ದಾರಿಯ ಗಾಡಿಯನ್ನು ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ ಕಟ್ಟಬೇಕು. 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಇದು 2007ರಲ್ಲಿ ಎಸ್‌ಎಇ ಇಂಡಿಯಾ ಮೂಲಕ ನಮ್ಮ ದೇಶಕ್ಕೆ ಬಂತು. ಮಧ್ಯಪ್ರದೇಶದ ಪೀಥಂಪುರದಲ್ಲಿ ನಡೆಯುವ ಓಟಕ್ಕೆ ಕರ್ನಾಟಕದ ಕಾಲೇಜುಗಳಿಂದಲೂ ತಂಡಗಳು ಹೋಗುತ್ತವೆ. ಕೊನೆಯ ಪರೀಕ್ಷೆ ನಾಲ್ಕು ಗಂಟೆಗಳ ಎಡೆಬಿಡದ ಓಟ. ಗಾಡಿ ರಸ್ತೆಗೆ ಇಳಿಯುವುದಿಲ್ಲ, ಆರ್‌ಸಿ ಬೇಡ. ಆದರೆ ನಿಯಮ ಬಿಗಿ.

ಚಾಲಕನ ಸುತ್ತಲಿನ ಪಂಜರವೇ ಇಲ್ಲಿ ಚಾಸಿ. ಮುಖ್ಯ ಕೊಳವೆ 25.4 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪದ ಉಕ್ಕು, ಇಲ್ಲವೇ ಬಲದಲ್ಲಿ ಅದಕ್ಕೆ ಸಮನಾದದ್ದು. ಇಂಗಾಲದ ಅಂಶ ಕನಿಷ್ಠ ಶೇ 0.18. ಲೆಕ್ಕ ಹಾಕಿದರೆ ಮೀಟರಿಗೆ ಸುಮಾರು 1.65 ಕೆ.ಜಿ. ತೂಗುತ್ತದೆ. ಗಾಡಿ ಉರುಳಿದರೂ ಚಾಲಕ 5 ಸೆಕೆಂಡಿನಲ್ಲಿ ಹೊರಬರುವಂತಿರಬೇಕು. ಬೆಸುಗೆ ಮಾಡಿದವರು ಮಾದರಿ ತುಂಡುಗಳನ್ನೂ ತೋರಿಸಬೇಕು. ಒಂದರಲ್ಲಿ ಎರಡು ಕೊಳವೆಗಳನ್ನು ಲಂಬವಾಗಿ ಬೆಸೆದು, ಮುರಿಯುವವರೆಗೂ ಬಲ ಹಾಕುತ್ತಾರೆ. ಕೊಳವೆ ಸೀಳಬೇಕು, ಬೆಸುಗೆ ಬಿಡಬಾರದು. ಇನ್ನೊಂದನ್ನು ಉದ್ದಕ್ಕೆ ಸೀಳಿ ಬೆಸುಗೆ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡುತ್ತಾರೆ.

ನಮ್ಮ ತಂಡದಲ್ಲಿ 25 ಜನ. ಬೆಸೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿದ್ದದ್ದು ಮಿಗ್ ಯಂತ್ರ. ತಂತಿ ತಾನಾಗಿ ಬರುತ್ತದೆ, ರಾಡ್ ಬದಲಿಸುವ ಗೋಜಿಲ್ಲ. ಎರಡು ದಿನದಲ್ಲಿ ನನ್ನ ಬೆಸುಗೆ ಸಾಲಾಗಿ ನಾಣ್ಯ ಜೋಡಿಸಿಟ್ಟ ಹಾಗೆ ಬರತೊಡಗಿತು. ಎಲ್ಲರೂ ಫೋಟೊ ತೆಗೆದುಕೊಂಡರು. ಒಂದು ವಾರದಲ್ಲಿ ಪಂಜರದ ಹನ್ನೊಂದು ಕೀಲು ಮುಗಿಸಿದೆ.

ಮಾದರಿ ತುಂಡನ್ನು ಮುರಿದು ನೋಡಿದ್ದು ಅದಾದ ಮೇಲೆ. ಮೊದಲೇ ನೋಡಬೇಕಿತ್ತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ತುಂಡನ್ನು ವೈಸ್‌ಗೆ ಸಿಕ್ಕಿಸಿ, ಉದ್ದನೆಯ ಪೈಪು ತೂರಿಸಿ ಒತ್ತಿದೆ. ಕೊಳವೆ ಬಾಗುವುದನ್ನೇ ಕಾಯುತ್ತಿದ್ದೆ. ಟಪ್ ಎಂದು ಶಬ್ದ. ಬೆಸುಗೆ ಗಾಯದ ಮೇಲಿನ ಹಕ್ಕಳೆಯ ಹಾಗೆ ಪೂರ್ತಿ ಎದ್ದು ಬಂತು. ಕೆಳಗೆ ಕೊಳವೆಯ ಮೈ ಹೊಸದರ ಹಾಗೆ ಇತ್ತು. ಕಾವು ಸಾಲದೆ ತಂತಿ ಕರಗಿ ಮೇಲೆ ಕೂತಿತ್ತೇ ಹೊರತು ಕೊಳವೆಯ ಜೊತೆ ಒಂದಾಗಿರಲಿಲ್ಲ. ಮಿಗ್ ಬೆಸುಗೆಯ ದೊಡ್ಡ ಮೋಸ ಇದು. ಕರೆಂಟು ಕಡಿಮೆ ಇಟ್ಟರೂ ಮೇಲ್ನೋಟಕ್ಕೆ ಬೆಸುಗೆ ಚೆಂದವಾಗಿಯೇ ಕಾಣುತ್ತದೆ.

ಅದೇ ಸೆಟ್ಟಿಂಗಿನಲ್ಲಿ ಹನ್ನೊಂದು ಕೀಲು ಬೆಸೆದಿದ್ದೆ. ಆಗಲೇ ಬಣ್ಣ ಹೊಡೆದಾಗಿತ್ತು. ಸ್ಪರ್ಧೆಗೆ ಐದು ವಾರ ಉಳಿದಿತ್ತು. ಯಾರಿಗೂ ಗೊತ್ತಿಲ್ಲ. ಇನ್ನೊಂದು ಮಾದರಿ ತುಂಡನ್ನು ಸರಿಯಾದ ಕರೆಂಟಿನಲ್ಲಿ ಬೆಸೆದು ತೋರಿಸಿದರೆ ಪರೀಕ್ಷೆ ಪಾಸು. ನಿಜ ಹೇಳುತ್ತೇನೆ, ಆ ರಾತ್ರಿ ಹಾಗೆ ಮಾಡುವ ಯೋಚನೆಯಲ್ಲೇ ಮಲಗಿದೆ.

ಮರುದಿನ ನಮ್ಮ ಚಾಲಕಿಯ ಅಮ್ಮ ಕಾಲೇಜಿಗೆ ಬಂದಿದ್ದರು. ತಂಡದಲ್ಲಿ ಎಲ್ಲರಿಗಿಂತ ಹಗುರ ಎಂಬ ಕಾರಣಕ್ಕೆ ನನ್ನ ಸಹಪಾಠಿಯೇ ಗಾಡಿ ಓಡಿಸುವವಳು. ಆ ತಾಯಿ ಪಂಜರದ ಕಂಬಿಗಳನ್ನು ಒಂದೊಂದಾಗಿ ಮುಟ್ಟಿ, ಅಲ್ಲಾಡಿಸಿ ನೋಡಿದರು. ‘ಗಾಡಿ ಉರುಳಿದ್ರೂ ಇದು ತಡೀತದಾ? ಇದನ್ನ ಬೆಸೆದೋರು ಯಾರಪ್ಪಾ?’ ಎಂದು ಕೇಳಿದರು. ಎಲ್ಲರೂ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. ಆಕೆ ‘ಒಳ್ಳೇದಾಗ್ಲಿ’ ಎಂದು ನನ್ನ ತಲೆ ಮುಟ್ಟಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದೆ. ಮಗ್ಗದ ಸದ್ದಿನ ನಡುವೆಯೇ ಅವರೆಂದರು: ‘ಎಳೆ ತಪ್ಪಿದ ಸೀರೆನ ಚೆನ್ನಾಗಿ ಮಡಚಿ ಕೊಡ್ಬೋದು. ಉಟ್ಕೊಂಡೋರಿಗೆ ಗೊತ್ತಾಗೇ ಆಗ್ತದೆ. ಸೀರೆ ಆದ್ರೆ ಬೈತಾರೆ ಅಷ್ಟೇ.’ ಮುಂದಿನದ್ದನ್ನು ಅವರು ಹೇಳಲಿಲ್ಲ.

ಮಾರನೇ ದಿನ ಮುರಿದ ತುಂಡನ್ನು ತಂಡದ ಮುಂದಿಟ್ಟು ಎಲ್ಲ ಹೇಳಿದೆ. ಬೈಗುಳ ಬಿದ್ದವು. ಒಬ್ಬ ಗೆಳೆಯ ಒಂದು ತಿಂಗಳು ಮಾತಾಡಲಿಲ್ಲ. ಚಾಲಕಿ ಮಾತ್ರ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಈಗ ಹೇಳಿದ್ಯಲ್ಲ, ಬಾ ಕತ್ತರಿಸೋಣ’ ಅಂದಳು. ಮಾವ ತಾವಾಗಿ ಕಾಲೇಜಿಗೆ ಬಂದರು. ಬಣ್ಣ ಕೆರೆದು, ಹನ್ನೊಂದೂ ಕೀಲನ್ನು ಗ್ರೈಂಡರ್‌ನಿಂದ ಕಿತ್ತು, ಕೊಳವೆಯ ತುದಿಗಳನ್ನು ಮೀನಿನ ಬಾಯಿಯ ಹಾಗೆ ಮತ್ತೆ ಹೊಂದಿಸಿ, ಮೊದಲು ಮೂರು ಮಾದರಿ ತುಂಡು ಮುರಿದು ನೋಡಿ, ಆಮೇಲೆ ಬೆಸೆದೆವು. ಮೂರರಲ್ಲೂ ಕೊಳವೆಯೇ ಸೀಳಿತು. ಅಷ್ಟು ಖುಷಿಯಿಂದ ನಾನು ಯಾವ ವಸ್ತುವನ್ನೂ ಮುರಿದಿರಲಿಲ್ಲ.

ಟ್ರಾಯಲ್ ದಿನ ಕಾಲೇಜಿನ ಹಿಂದಿನ ಮಣ್ಣಿನ ಮೈದಾನದಲ್ಲಿ ಗಾಡಿ ದಿಬ್ಬ ಹತ್ತಿ ಮಗ್ಗುಲಾಗಿ ಉರುಳಿತು. ನಾವು ಓಡಿ ತಲುಪುವಷ್ಟರಲ್ಲಿ ಆಕೆ ಬೆಲ್ಟು ಬಿಚ್ಚಿ ಹೊರಬಂದು ಹೆಲ್ಮೆಟ್ಟಿನ ಮಣ್ಣು ಕೊಡವುತ್ತಿದ್ದಳು. ನಾನು ಅವಳನ್ನು ಮಾತಾಡಿಸುವ ಮೊದಲು ಮಂಡಿಯೂರಿ ಕೀಲುಗಳನ್ನು ನೋಡಿದೆ ಎಂದು ಇವತ್ತಿಗೂ ರೇಗಿಸುತ್ತಾಳೆ. ಸ್ಪರ್ಧೆಯಲ್ಲಿ ನಮಗೆ ಬಹುಮಾನ ಬರಲಿಲ್ಲ. ಓಟದ ನಡುವೆ ಹಿಂದಿನ ಆಕ್ಸಲ್ ಕೈಕೊಟ್ಟಿತು. ಪಂಜರದಲ್ಲಿ ಒಂದು ಬಿರುಕೂ ಇರಲಿಲ್ಲ.

ಕೆಲಸ ಹುಡುಕುವವರಿಗೆ

ನಮ್ಮ ಜಿಲ್ಲೆಯ ಹುಡುಗರಿಗೆ ಒಂದು ಮಾತು. ಹೊಸಕೋಟೆಯಲ್ಲಿ 1990ರ ದಶಕದ ಕೊನೆಯಿಂದ ವೋಲ್ವೊ ಲಾರಿ ಕಾರ್ಖಾನೆ ಇದೆ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ, ನಮ್ಮ ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಎಲ್ಲ ಕೈಗಾರಿಕಾ ಪ್ರದೇಶಗಳೇ. ದೇವನಹಳ್ಳಿ ಕಡೆಯಂತೂ ದಿನಕ್ಕೊಂದು ಶೆಡ್ ಏಳುತ್ತಿದೆ. ಶೆಡ್ ಎಂದರೇ ಬೆಸುಗೆ. ಆದರೂ ನಮ್ಮಲ್ಲಿ ‘ವೆಲ್ಡರ್’ ಎಂದರೆ ಓದು ತಲೆಗೆ ಹತ್ತದವರ ಕೆಲಸ ಎಂಬ ಭಾವನೆ ಹೋಗಿಲ್ಲ.

ಐಟಿಐನಲ್ಲಿ ವೆಲ್ಡರ್ ಕೋರ್ಸ್ ಒಂದು ವರ್ಷದ್ದು, ಎಂಟನೇ ತರಗತಿ ಪಾಸಾದವರೂ ಸೇರಬಹುದು. ರಾಜ್ಯದ 150 ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಹತ್ತಿರದ ಐಟಿಐಗೆ ಒಮ್ಮೆ ಹೋಗಿ ನೋಡಿ ಬನ್ನಿ. ಕೋರ್ಸು ಮುಗಿಸಿ ಅಲ್ಲಿಗೇ ನಿಲ್ಲಬೇಡಿ. ‘6ಜಿ’ ಎಂಬ ಪರೀಕ್ಷೆ ಇದೆ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ಅದನ್ನು ಅಲುಗಿಸದೆ ಸುತ್ತಲೂ ಬೆಸೆಯಬೇಕು. ಮೇಲೆ, ಕೆಳಗೆ, ತಲೆಯ ಮೇಲೆ ಎಲ್ಲ ಭಂಗಿಯೂ ಒಂದರಲ್ಲೇ ಬರುತ್ತದೆ. ಪೈಪ್‌ಲೈನ್, ಬಾಯ್ಲರ್ ಕೆಲಸದವರು ಇದನ್ನು ಕೇಳುತ್ತಾರೆ.

ಎಂಜಿನಿಯರಿಂಗ್ ಓದುವವರು ರಜೆಯಲ್ಲಿ ಒಂದು ತಿಂಗಳು ಯಾವುದಾದರೂ ಶೆಡ್ಡಿನಲ್ಲಿ ನಿಲ್ಲಿ. ಕಂಪ್ಯೂಟರಿನಲ್ಲಿ ಎರಡು ಕೊಳವೆ ಸೇರಿಸಲು ಒಂದು ಕ್ಲಿಕ್ ಸಾಕು. ಶೆಡ್ಡಿನಲ್ಲಿ ಆ ಎರಡರ ನಡುವೆ ವೆಲ್ಡಿಂಗ್ ಟಾರ್ಚ್ ತೂರುವಷ್ಟು ಜಾಗ ಇದೆಯೇ ಎಂದು ನೋಡಬೇಕು. ನನ್ನ ಮೊದಲ ವಿನ್ಯಾಸದ ನಾಲ್ಕು ಕೀಲುಗಳಿಗೆ ಟಾರ್ಚ್ ತೂರುತ್ತಲೇ ಇರಲಿಲ್ಲ. ಕಾರು ಕಾರ್ಖಾನೆಗಳಲ್ಲಿ ರೋಬೊ ಬೆಸೆಯುತ್ತದೆ, ನಿಜ. ಅದಕ್ಕೆ ಕರೆಂಟು ಎಷ್ಟು ಎಂದು ಹೇಳುವವರು, ಮಾದರಿ ತುಂಡು ಸೀಳಿ ನೋಡುವವರು ಮನುಷ್ಯರೇ.

ನನಗೆ ಕೆಲಸ ಸಿಕ್ಕಿತೇ ಎಂದು ಕೇಳಬೇಡಿ. ಇನ್ನೂ ಇಲ್ಲ. ಎರಡು ಸಂದರ್ಶನ ಆಗಿದೆ, ಒಂದರ ಉತ್ತರ ಬರಬೇಕು. ಅಲ್ಲಿಯವರೆಗೆ ಮಾವನ ಶೆಡ್ ಇದೆ. ಎರಡೂ ಸಂದರ್ಶನಕ್ಕೆ ಆ ಮುರಿದ ತುಂಡನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದೆ. ತೋರಿಸಲು ಧೈರ್ಯ ಬರಲಿಲ್ಲ. ಮೂರನೆಯದರಲ್ಲಿ ತೋರಿಸುತ್ತೇನೆ.

ಕಳೆದ ಭಾನುವಾರ ಹೊಂಗೆ ಮರದ ಕೆಳಗೆ ಹೋಗಿ ತಾತನ ಲಾರಿಯ ತೊಲೆಯ ತುಕ್ಕು ಒರೆಸಿದೆ. ಚಾಸಿ ನಂಬರ್ ಹುಡುಕಿದೆ. ನಂಬರ್ ಇರಬೇಕಾದ ಜಾಗದಲ್ಲಿ ಅಂಗೈ ಅಗಲದ ಚೌಕಾಕಾರದ ತೂತು. ಹಿಂದಿನ ಅರ್ಧ ಗುಜರಿಗೆ ಹಾಕುವಾಗ ಆರ್‌ಸಿ ರದ್ದು ಮಾಡಿಸಲು ಆ ತುಂಡನ್ನು ಗ್ಯಾಸಿನಲ್ಲಿ ಕತ್ತರಿಸಿ ಆರ್‌ಟಿಒಗೆ ಒಪ್ಪಿಸಿದ್ದರಂತೆ. ಕತ್ತರಿಸಿದ್ದು ಮಾವನೇ. ‘ಯಾಕೆ ಮೊದಲೇ ಹೇಳಲಿಲ್ಲ?’ ಎಂದು ಕೇಳಿದೆ. ‘ಹೇಳಿದ್ರೆ ನೀನು ಮೂಲೆಮಟ್ಟ ತರ್ತಿದ್ಯಾ?’ ಅಂದರು ಮಾವ. ಕೋಳಿ ಡ್ರೈವರ್ ಸೀಟಿನಿಂದ ಇಳಿದು ಆ ತೂತಿನ ಮೂಲಕವೇ ಇಣುಕುತ್ತಿತ್ತು.